ದೂಮಣ್ಣನ ಚೆಂಡು ಬಿದ್ದ ಜಾಗ

ಟೆನಿಸ್ ಕ್ಲಬ್ಬಿನ ಮಾರ್ಕರ್ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆಡುವುದನ್ನು ಕಲಿಯಲು ಎರಡು ವರ್ಷ ಸಾಕು, ಸೋಲುವುದನ್ನು ಕಲಿಯಲು ಹತ್ತು ವರ್ಷ ಬೇಕು. ಕೊಪ್ಪದಿಂದ ಎನ್.ಆರ್.ಪುರಕ್ಕೆ ಹೋಗುವ ದಾರಿಯಲ್ಲಿ, ಶೆಟ್ಟಿಕೊಪ್ಪಕ್ಕಿಂತ ಮೊದಲೇ ಒಳಗೆ ತಿರುಗಿದರೆ ಸಿಗುವ ಕ್ಲಬ್ಬಿನಲ್ಲಿ ನಾನು ಮೂವತ್ತೆಂಟು ವರ್ಷ ಮಾರ್ಕರ್ ಆಗಿದ್ದೆ. ಕಳೆದ ಬೇಸಿಗೆಯಲ್ಲಿ ನಿವೃತ್ತನಾದೆ. ನನ್ನ ಜಾಗಕ್ಕೆ ಬಂದ ಗಿರೀಶ ಬಾಳಗಡಿಯ ಕಾಲೇಜಿನಲ್ಲಿ ಓದಿದವನು. ಕೆಲಸದ ವಿಷಯ ಗೊತ್ತಿರುವುದನ್ನೆಲ್ಲ ಬರೆದುಕೊಡಿ ಅಣ್ಣಾ ಎಂದು ಕೇಳಿದ. ಬರೆಯಲು ಕೂತರೆ ಅವನು ಕೇಳದೇ ಇದ್ದದ್ದೂ ಬರುತ್ತಿದೆ. ಬರಲಿ.

ಮಾರ್ಕರ್ ಎಂದರೆ ಕೋರ್ಟು ಸಿದ್ಧ ಮಾಡುವವನು, ಗೆರೆ ಎಳೆಯುವವನು, ರ‍್ಯಾಕೆಟ್ಟಿಗೆ ತಂತಿ ಕಟ್ಟುವವನು, ಪಂದ್ಯವಿದ್ದರೆ ಎತ್ತರದ ಕುರ್ಚಿಯಲ್ಲಿ ಕೂತು ಪಾಯಿಂಟು ಹೇಳುವವನು, ಮೆಂಬರುಗಳಿಗೆ ಜೊತೆ ಸಿಗದ ದಿನ ಎದುರು ನಿಂತು ಆಡುವವನು. ನಮ್ಮದು ಮಣ್ಣಿನ ಕೋರ್ಟು. ಕೆಮ್ಮಣ್ಣಿಗೆ ಹುತ್ತದ ಮಣ್ಣು ಬೆರೆಸಿ, ಸಗಣಿನೀರು ಹೊಡೆದು, ಕಲ್ಲಿನ ರೋಲರ್ ಎಳೆದು ಹದ ಮಾಡಬೇಕು. ಮಳೆಗಾಲಕ್ಕೆ ಮೊದಲು ಕೋರ್ಟಿನ ಮೇಲೆಲ್ಲ ಅಡಿಕೆ ಸೋಗೆ ಹಾಸಿ ಮುಚ್ಚಿಬಿಡುತ್ತಿದ್ದೆವು. ದೀಪಾವಳಿ ಕಳೆದ ಮೇಲೆ ಸೋಗೆ ತೆಗೆಯುವುದು. ನಡುವಿನ ಆ ಐದು ತಿಂಗಳು ಕೋರ್ಟಿಗೆ ಯಾರೂ ಕಾಲಿಡುವಂತಿಲ್ಲ. ಚೆಂಡುಗಳನ್ನು ಅಡಿಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಡುತ್ತಿದ್ದೆ, ಇಲ್ಲದಿದ್ದರೆ ಬೂಸು ಹಿಡಿದು ಹಲಸಿನ ಬೀಜದ ಹಾಗೆ ಭಾರವಾಗುತ್ತಿದ್ದವು. ಈಗ ಚೆಂಡು ಡಬ್ಬದಲ್ಲಿ ಬರುತ್ತದೆ, ಸೋಗೆ ಹೋಗಿ ನೀಲಿ ಟಾರ್ಪಾಲು ಬಂದಿದೆ.

ಮಣ್ಣಿನ ಕೋರ್ಟಿನ ದೊಡ್ಡ ಗುಣವೆಂದರೆ ಅದು ಸುಳ್ಳು ಹೇಳುವುದಿಲ್ಲ. ಚೆಂಡು ಬಿದ್ದಲ್ಲಿ ಒಂದು ಗುರುತು ಉಳಿಯುತ್ತದೆ, ಕೋಳಿಮೊಟ್ಟೆಯನ್ನು ಅಡ್ಡ ಮಲಗಿಸಿದ ಆಕಾರ. ಚೆಂಡು ಯಾವ ಕಡೆಯಿಂದ ಬಂತು, ಎಷ್ಟು ಜೋರಿನಲ್ಲಿ ಬಂತು, ಎಲ್ಲವನ್ನೂ ಅದರಲ್ಲಿ ಓದಬಹುದು. ಆಟಗಾರ ತಕರಾರು ಮಾಡಿದರೆ ಮಾರ್ಕರ್ ಕುರ್ಚಿಯಿಂದ ಇಳಿದು ಹೋಗಿ ಗುರುತು ತೋರಿಸಬೇಕು. ಗೆರೆಗೆ ತಾಗಿದ್ದರೂ ಚೆಂಡು ಒಳಗೆ. ಇದಿಷ್ಟೇ ಕಾನೂನು.

ಇನ್ನು ವರಾಂಡದ ವಿಷಯ. ಆಟ ಮುಗಿದ ಮೇಲೆ ಮೆಂಬರುಗಳು ವರಾಂಡದಲ್ಲಿ ಕೂತು ಜಗಳವಾಡುತ್ತಾರೆ. ಜಗಳ ಒಂದೇ: ಟೆನಿಸ್ ಆಡಿದವರಲ್ಲೆಲ್ಲ ಅತಿ ದೊಡ್ಡವನು ಯಾರು? ಯಾರೂ ಆಟಗಾರರ ಹೆಸರು ಹೇಳುವುದಿಲ್ಲ. ಜಯಪುರದವರು, ಕಳಸದವರು ಅಂದ ಹಾಗೆ ಊರಿನಿಂದಲೇ ಕರೆಯುವುದು. ನಾನು ಸೇರಿದ ಕಾಲಕ್ಕೆ ಸ್ವೀಡನ್ನಿನವನು ದೊಡ್ಡವನೋ ಅಮೆರಿಕದವನು ದೊಡ್ಡವನೋ ಎಂದಾಗುತ್ತಿತ್ತು. ಈಗ ಹದಿನೈದಿಪ್ಪತ್ತು ವರ್ಷಗಳಿಂದ ಸ್ವಿಸ್ಸಿನವ, ಸ್ಪೇನಿನವ, ಸರ್ಬಿಯಾದವ. ನಮ್ಮ ಡಾಕ್ಟರಿಗೆ ಸ್ವಿಸ್ಸಿನವನೇ ದೇವರು. ಅವನು ಆಡುವುದನ್ನು ನೋಡಿದರೆ ಬಿ.ಪಿ. ಇಳಿಯುತ್ತದೆ ಎಂದು ಪೇಷಂಟುಗಳಿಗೂ ಹೇಳುತ್ತಿದ್ದರು. ವಕೀಲರು ಸರ್ಬಿಯಾದವನ ಕಡೆ. ಗೆದ್ದ ಕಪ್ಪುಗಳನ್ನು ಎಣಿಸಿ ನೋಡಿ, ಸಾಕ್ಷಿ ಬೇಕಾ ಇನ್ನು, ಎಂಬುದು ಅವರ ವಾದ. ಸ್ಪೇನಿನವನ ಪರ ಮಾತಾಡುವವರು ಮಣ್ಣಿನ ಕೋರ್ಟಿನಲ್ಲಿ ಅವನ ಮುಂದೆ ಉಳಿದವರು ಯಾರು ಹೇಳಿ ಎಂದು ಮೇಜು ಕುಟ್ಟುತ್ತಿದ್ದರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗುವರು, ಸಂಜೀವ, ನೀನು ಹೇಳಾ ಎಂದು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ನನ್ನ ಮನಸ್ಸಿನಲ್ಲಿ ಬೇರೆಯೇ ಒಂದು ಹೆಸರಿತ್ತು, ಅದನ್ನು ಬಾಯಿಬಿಟ್ಟು ಹೇಳುವ ಯೋಗ್ಯತೆ ನನಗಿರಲಿಲ್ಲ.

ಸೋಲುವುದರ ಬಗ್ಗೆ ಹೇಳುತ್ತಿದ್ದೆ. ಮಾರ್ಕರ್ ಮೆಂಬರಿನೆದುರು ಗೆಲ್ಲಬಾರದು. ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ನಿಯಮ. ಹಾಗೆಂದು ಸುಮ್ಮನೆ ಬಿಟ್ಟುಕೊಟ್ಟರೆ ಅವರಿಗೆ ಅವಮಾನ. ಕೂದಲೆಳೆಯಲ್ಲಿ ಸೋಲಬೇಕು, ಗೆದ್ದವರಿಗೆ ಬೆವರು ಕಿತ್ತು ಬರಬೇಕು, ಮನೆಗೆ ಹೋಗಿ ಹೆಂಡತಿಯ ಹತ್ತಿರ ಹೇಳಿಕೊಳ್ಳುವ ಹಾಗಿರಬೇಕು. ಸೇರಿದ ಹೊಸತರಲ್ಲಿ ಚಿಕ್ಕಮಗಳೂರಿನಿಂದ ಬಂದ ಒಬ್ಬ ಅಧಿಕಾರಿಯ ಎದುರು ನಾನು ಮೈಮರೆತು ಗೆದ್ದುಬಿಟ್ಟೆ. ಆ ಮನುಷ್ಯ ಚಹಾ ಕುಡಿಯದೆ ಜೀಪು ಹತ್ತಿದ. ಆ ದಿನ ನನಗೆ ಮಂಗಳಾರತಿ ಆದದ್ದು ಸೆಕ್ರೆಟರಿಯಿಂದಲ್ಲ, ನನ್ನ ಗುರು ದೂಮಣ್ಣನಿಂದ.

ದೂಮಣ್ಣ ನನಗಿಂತ ಮೊದಲಿನ ಮಾರ್ಕರ್. ಕರ‍್ರಗೆ, ಕಡ್ಡಿಯ ಹಾಗಿದ್ದ. ರೋಲರ್ ಕೆಳಗೆ ಸಿಕ್ಕಿ ಬಲಗಾಲಿನ ಕಿರುಬೆರಳು ಹೋಗಿತ್ತು. ಅದಾದ ಮೇಲೆ ಶೂ ಹಾಕಲಾಗದೆ ಬರಿಗಾಲಲ್ಲೇ ಆಡುತ್ತಿದ್ದ. ಬೆಳಿಗ್ಗೆ ಮಂಜು ಕರಗುವ ಮೊದಲು ಅವನೊಬ್ಬನೇ ಚೆಂಡಿನ ಬುಟ್ಟಿ ಇಟ್ಟುಕೊಂಡು ಹೊಡೆಯುವನು. ನಾನು ಹೋಗಿ ನೋಡಿದರೆ ಆಚೆ ಕಡೆಯ ಮೂಲೆಯಲ್ಲಿ, ಗೆರೆಯಿಂದ ಎರಡು ಬೆರಳು ಒಳಗೆ, ಒಂದೇ ಒಂದು ಗುರುತು ಇರುತ್ತಿತ್ತು. ಬುಟ್ಟಿಯಲ್ಲಿದ್ದ ಐವತ್ತು ಚೆಂಡೂ ಅಲ್ಲೇ ಬಿದ್ದಿರುತ್ತಿದ್ದವು. ಅಂಥವನು ಸಂಜೆ ಮೆಂಬರುಗಳ ಎದುರು ಏಳು-ಐದರಲ್ಲಿ ಸೋಲುವನು. ನಾನು ಮುಂದೆ ಟಿ.ವಿ.ಯಲ್ಲಿ ಲೋಕದ ದೊಡ್ಡ ಆಟಗಾರರನ್ನೆಲ್ಲ ನೋಡಿದೆ. ದೂಮಣ್ಣನ ಕೈ ಅವರಿಗಿಂತ ಕಡಿಮೆಯಿರಲಿಲ್ಲ ಎಂದು ಹೇಳಿದರೆ ನಗುತ್ತೀರಿ. ನಗಿ, ನಾನು ನೋಡಿದ್ದೇನೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಸೋಗೆ ಹಾಸುವ ಹಿಂದಿನ ದಿನ, ಆ ವರ್ಷ ಕ್ಲಬ್ಬಿನಲ್ಲಿ ಗೆದ್ದ ಮೆಂಬರ್ ಮಾರ್ಕರ್ ಜೊತೆ ಒಂದು ಸೆಟ್ ಆಡುವುದು. ಮಾರ್ಕರ್ ಸೋಲುವುದು. ಗೆದ್ದವರು ಮಾರ್ಕರಿಗೆ ಮಳೆಗಾಲಕ್ಕೆ ಒಂದು ಹೊಸ ಕೊಡೆ ಕೊಡುವುದು. ದೂಮಣ್ಣನ ಮನೆಯಲ್ಲಿ ಅಂಥ ಕೊಡೆಗಳು ಗೋಡೆಯುದ್ದಕ್ಕೂ ನೇತಾಡುತ್ತಿದ್ದವು. ನಾನು ಸೇರಿ ಐದನೆಯ ವರ್ಷ. ಗೆದ್ದವರು ಸೆಕ್ರೆಟರಿ ನಾಗೇಶ ಗೌಡರು. ಆಗ ಅವರಿಗೆ ನಲವತ್ತಿರಬೇಕು, ಎತ್ತಿನಂಥ ಆಳು. ದೂಮಣ್ಣನಿಗೆ ಅರವತ್ತರ ಹತ್ತಿರ, ಉಬ್ಬಸ ಬೇರೆ. ಆ ಮಳೆಗಾಲಕ್ಕೆ ಅವನನ್ನು ಬಿಡಿಸಿ ನನ್ನನ್ನು ಕಾಯಂ ಮಾಡುವುದೆಂದು ಮಾತಾಗಿತ್ತು.

ಹಿಂದಿನ ಸಂಜೆ ವರಾಂಡದಲ್ಲಿ ಅದೇ ಜಗಳ, ಸ್ವೀಡನ್ನಿನವನೋ ಅಮೆರಿಕದವನೋ ಎಂದು. ಗೌಡರು ತಮಾಷೆಗೆ, ಅವರಿಬ್ಬರನ್ನೂ ಬಿಡಿ, ಈ ಕ್ಲಬ್ಬಿನಲ್ಲಿ ನನಗಿಂತ ದೊಡ್ಡ ಆಟಗಾರ ಇದ್ದಾನಾ ಎಂದರು. ಎಲ್ಲರೂ ನಕ್ಕರು. ಕಂಬದ ಪಕ್ಕ ನಿಂತಿದ್ದ ದೂಮಣ್ಣ ನಗಲಿಲ್ಲ.

"ಅಯ್ಯಾ, ನಾಳೆ ಒಂದು ಸಲ ನಾನು ನಿಜವಾಗಿ ಆಡ್ಲಾ?" ಎಂದು ಕೇಳಿದ.

ಗೌಡರ ಮುಖ ಒಂದು ಕ್ಷಣ ಬಾಡಿತು. ಆಮೇಲೆ, "ಆಡು ಮಾರಾಯ, ಯಾರು ಬ್ಯಾಡ ಅಂದ್ರು?" ಎಂದರು. ಎದ್ದು ಹೋಗುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ನಾಳೆ ಕುರ್ಚಿಯಲ್ಲಿ ನೀನೇ ಅಲ್ದಾ ಎಂದರು. ಅಷ್ಟೇ.

ಮರುದಿನ ಸಂಜೆ ನಾಲ್ಕಕ್ಕೆ ಆಟ ಶುರು. ದೂಮಣ್ಣ ಐದು-ಎರಡಕ್ಕೆ ಮುಂದೆ ಹೋದ. ವರಾಂಡದಲ್ಲಿ ಕೂತಿದ್ದವರೆಲ್ಲ ಎದ್ದು ನಿಂತಿದ್ದರು. ಮೂವತ್ತು ವರ್ಷ ತಮ್ಮ ಜೊತೆ ಆಡಿದ್ದು ಯಾರು ಎಂದು ಆ ಹೊತ್ತಿಗೆ ಅವರೆಲ್ಲರಿಗೂ ಅರ್ಥವಾಗಿತ್ತು. ಆಮೇಲೆ ಅವನ ಉಸಿರು ಕಟ್ಟತೊಡಗಿತು. ಒಂದೊಂದೇ ಗೇಮು ಕಳೆದುಕೊಂಡು ಐದು-ಆರಕ್ಕೆ ಬಂದ. ಅವನದೇ ಸರ್ವಿಸು, ಮೂವತ್ತು-ನಲವತ್ತು. ಈ ಪಾಯಿಂಟು ಹೋದರೆ ಆಟ ಗೌಡರದು, ಉಳಿದರೆ ಡ್ಯೂಸ್, ಅಂದರೆ ಸರಿಸಮ, ಮುಂದೆ ಆಡಬೇಕು. ಚೆಂಡು ನಾಲ್ಕಾರು ಸಲ ಆಚೀಚೆ ಹೋಯಿತು. ಆಮೇಲೆ ದೂಮಣ್ಣ ಅದನ್ನು ಗೌಡರ ಮೂಲೆಗೆ ಹೊಡೆದ. ಗೌಡರು ನಿಂತಲ್ಲಿಂದ ಕದಲಲಿಲ್ಲ. ಚೆಂಡು ಬಿದ್ದ ಶಬ್ದ ಈಗಲೂ ನನ್ನ ಕಿವಿಯಲ್ಲಿದೆ. ಟಪ್. ಗೆರೆಯಿಂದ ಎರಡು ಬೆರಳು ಒಳಗೆ.

ನಾನು ಔಟ್ ಎಂದೆ.

ದೂಮಣ್ಣ ನೆಟ್ಟಿನ ಹತ್ತಿರ ಬಂದು ಗುರುತು ತೋರಿಸು ಎಂದ. ನಾನು ಕುರ್ಚಿಯಿಂದ ಇಳಿದು ಅವನಿಗಿಂತ ಮೊದಲು ಮೂಲೆಗೆ ಹೋದೆ. ನಡೆದು ಹೋಗುವವನ ಹಾಗೆ ಆ ಗುರುತಿನ ಮೇಲೆ ಕಾಲಿಟ್ಟು ಉಜ್ಜಿದೆ. ಗೆರೆಯ ಹೊರಗಿದ್ದ ಯಾವುದೋ ಹಳೆಯ ಗುರುತಿಗೆ ಬೆರಳು ಮಾಡಿದೆ. ಅವನು ಬಗ್ಗಿ ಅದನ್ನು ನೋಡಲಿಲ್ಲ. ನನ್ನ ಕಾಲನ್ನು ನೋಡಿದ.

"ಹಂಗಾರೆ ಆಟ ಮುಗೀತು ಅಂತೀಯ ಸಂಜೀವ?"

"ಹೌದು ದೂಮಣ್ಣ."

"ಆತು. ನೀ ಹೇಳೂ ತಂಕ ನಾ ಕಾಯ್ತಿದ್ದೆ ಅಷ್ಟೆ," ಎಂದು ಹೇಳಿ ಹೋದ. ಕೊಡೆಯನ್ನು ತೆಗೆದುಕೊಳ್ಳಲಿಲ್ಲ. ಅವನ ತುಟಿ ನೀಲಿಯಾಗಿತ್ತು, ಇನ್ನೊಂದು ಪಾಯಿಂಟು ಆಡಿದ್ದರೆ ಸತ್ತೇಹೋಗುತ್ತಿದ್ದ, ಅದಕ್ಕೇ ಔಟ್ ಎಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕಾಯಂ ಕೆಲಸದ ಆಸೆಗೆ ಔಟ್ ಎಂದೆ. ಆ ಆಷಾಢದಲ್ಲಿ ದೂಮಣ್ಣ ತೀರಿಕೊಂಡ. ನಾನು ಹೆಣ ನೋಡಲು ಹೋಗಲಿಲ್ಲ, ಗೋಡೆಯ ಮೇಲಿನ ಕೊಡೆಗಳನ್ನು ನೋಡುವ ಧೈರ್ಯವಾಗಲಿಲ್ಲ.

ದೀಪಾವಳಿ ಕಳೆದು ಸೋಗೆ ತೆಗೆದಾಗ ಕೋರ್ಟೆಲ್ಲ ಹಸಿರು ಪಾಚಿ. ಪ್ರತಿ ವರ್ಷವೂ ಹಾಗೇ ಇರುತ್ತದೆ. ಆ ಮೂಲೆಯಲ್ಲಿ ಮಾತ್ರ, ಗೆರೆಯಿಂದ ಎರಡು ಬೆರಳು ಒಳಗೆ, ಒಂದು ಗುರುತು. ಪಾಚಿ ಇಲ್ಲ, ಒಣಗಿದ ಕೆಂಪು ಮಣ್ಣು, ಈಗಷ್ಟೇ ಚೆಂಡು ಬಿದ್ದು ಪುಟಿದ ಹಾಗೆ. ನೀರು ತೊಟ್ಟಿಕ್ಕಿ ಆಗಿರಬೇಕೆಂದುಕೊಂಡೆ. ಆದರೆ ಹನಿಯ ಗುಂಡಿ ದುಂಡಗಿರುತ್ತದೆ. ಇದು ಉದ್ದ. ದೂಮಣ್ಣ ನಿಂತಿದ್ದ ಕಡೆಯಿಂದ ಬಂದ ಚೆಂಡಿನದು. ಗುರುತು ಓದುವುದನ್ನು ನನಗೆ ಕಲಿಸಿದವನೇ ಅವನು, ತಪ್ಪು ಓದುವ ಹಾಗಿರಲಿಲ್ಲ.

ಉಜ್ಜಿ, ಸಗಣಿನೀರು ಹಾಕಿ, ರೋಲರ್ ಎಳೆದೆ. ಮರುವರ್ಷ ಸೋಗೆ ತೆಗೆದಾಗ ಮತ್ತೆ ಅಲ್ಲೇ ಇತ್ತು. ಇನ್ನೊಂದು ವರ್ಷ ಆ ಮೂಲೆಯನ್ನೇ ಮೊಣಕಾಲುದ್ದ ಅಗೆಸಿ ಹೊಸ ಮಣ್ಣು ತುಂಬಿಸಿದೆ. ಮತ್ತೆ ಬಂತು. ಸೋಗೆಯ ಬದಲು ಟಾರ್ಪಾಲು ಬೇಕೇ ಬೇಕು ಎಂದು ಕಮಿಟಿಯಲ್ಲಿ ಹಟ ಹಿಡಿದದ್ದು ನಾನೇ. ಸಂಜೀವ ಬಹಳ ಮುಂದಾಲೋಚನೆಯವನು ಎಂದು ಎಲ್ಲರೂ ಹೊಗಳಿದರು. ಟಾರ್ಪಾಲಿನ ನಾಲ್ಕೂ ಅಂಚಿಗೆ ಕಲ್ಲು ಹೇರಿದೆ. ದೀಪಾವಳಿಗೆ ತೆಗೆದರೆ ಗುರುತು ಅಲ್ಲಿತ್ತು. ಆಮೇಲೆ ನಾನು ತಲೆಕೆಡಿಸಿಕೊಳ್ಳುವುದನ್ನು ಬಿಟ್ಟೆ ಎಂದು ಹೇಳಬಹುದು, ಆದರೆ ಬಿಡಲಿಲ್ಲ. ಪ್ರತಿ ದೀಪಾವಳಿಗೂ ಬೇರೆಯವರು ಏಳುವ ಮೊದಲು ಹೋಗಿ, ಅದೇ ಕಾಲಿನಿಂದ ಅದನ್ನು ಅಳಿಸುತ್ತಿದ್ದೆ.

ಶಬ್ದ ಶುರುವಾದದ್ದು ಆಮೇಲೆ. ಮಳೆ ಒಂದಿಷ್ಟು ಬಿಡುವು ಕೊಟ್ಟು ಮಂಜು ಇಳಿದ ದಿನಗಳಲ್ಲಿ ಮುಚ್ಚಿದ ಕೋರ್ಟಿನ ಕಡೆಯಿಂದ ಒಂದೇ ಒಂದು ಸಲ ಟಪ್ ಎನ್ನುವುದು. ಮತ್ತೆ ಏನೂ ಇಲ್ಲ. ಹೆದರಿಕೆಯಾಗುತ್ತಿದ್ದದ್ದು ಆ ಶಬ್ದಕ್ಕಲ್ಲ, ಅದರ ನಂತರದ ಮೌನಕ್ಕೆ. ಚೆಂಡು ಬಿದ್ದ ಮೇಲೆ ಆಟಗಾರರು ಕುರ್ಚಿಯ ಕಡೆ ಮುಖವೆತ್ತಿ ಕಾಯುತ್ತಾರಲ್ಲ, ಅಂಥ ಮೌನ. ಯಾರೋ ನನ್ನ ಮಾತಿಗೆ ಕಾದು ನಿಂತಿದ್ದಾರೆ ಎಂದು ನನಗೆ ಸ್ಪಷ್ಟವಾಗಿ ಅನ್ನಿಸುತ್ತಿತ್ತು. ನಾನು ಬಾಯಿ ಬಿಡುತ್ತಿರಲಿಲ್ಲ.

ಇದೆಲ್ಲ ನನ್ನ ಮನಸ್ಸಿನ ಭ್ರಮೆಯೇ ಇರಬೇಕು ಎಂದುಕೊಂಡಿದ್ದೆ, ಡಾಕ್ಟರು ಕೇಳಿಸಿಕೊಳ್ಳುವವರೆಗೆ. ಜುಲೈ ತಿಂಗಳ ಒಂದು ಸಂಜೆ. ಆಟವಿಲ್ಲ, ಬರೀ ವಾದ. ವಕೀಲರು ಕಪ್ಪುಗಳ ಲೆಕ್ಕ ಒಪ್ಪಿಸುತ್ತಿದ್ದರು, ಡಾಕ್ಟರು ಅಂಕಿ ಹಿಡಿದುಕೊಂಡು ಆಟ ಅಳೆಯುತ್ತೀರಾ ಎಂದು ಸಿಡುಕುತ್ತಿದ್ದರು. ಕೊನೆಗೆ, ಮೂವತ್ತು ವರ್ಷದಿಂದ ನೋಡ್ತಿದ್ದಿ, ಇವತ್ತು ನೀನು ಹೇಳಲೇಬೇಕು ಸಂಜೀವ ಎಂದು ನನ್ನನ್ನು ಹಿಡಿದು ನಿಲ್ಲಿಸಿದರು. ನಾನು ಏನೋ ಒಂದು ಹೇಳಿ ತಪ್ಪಿಸಿಕೊಳ್ಳಲು ಬಾಯಿ ತೆರೆದೆ. ಕೋರ್ಟಿನ ಕಡೆ ಟಪ್ ಎಂದಿತು.

"ಈ ಮಳೇಲಿ ಯಾರಾ ಆಡ್ತಿರೋದು?" ಎಂದು ಡಾಕ್ಟರು ಎದ್ದು ನಿಂತರು.

ವಕೀಲರಿಗೆ ಏನೂ ಕೇಳಿಸಿರಲಿಲ್ಲ. ಮೂಲೆಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ ನಾಗೇಶ ಗೌಡರು ಮಾತ್ರ ತಲೆ ತಗ್ಗಿಸಿಕೊಂಡರು. ಅವರು ಸೆಕ್ರೆಟರಿಗಿರಿ ಬಿಟ್ಟು ಎಷ್ಟೋ ಕಾಲವಾಗಿತ್ತು, ರ‍್ಯಾಕೆಟ್ ಹಿಡಿಯುವುದನ್ನು ಅದಕ್ಕಿಂತ ಮೊದಲೇ ಬಿಟ್ಟಿದ್ದರು. ದೂಮಣ್ಣನ ಎದುರು ಗೆದ್ದ ಆ ಸಂಜೆಯ ನಂತರ ಅವರು ಕೋರ್ಟಿಗೆ ಇಳಿದದ್ದೇ ಇಲ್ಲ. ಮಂಡಿನೋವು ಎನ್ನುತ್ತಿದ್ದರು. ಡಾಕ್ಟರೇ ಎರಡು ಸಲ ಎಕ್ಸ್-ರೇ ತೆಗೆಸಿದರೂ ಮಂಡಿಯಲ್ಲಿ ಏನೂ ಕಂಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ನನಗೆ ಬೀಳ್ಕೊಡುಗೆ. ಹಾರ ಹಾಕಿದರು, ಶಾಲು ಹೊದಿಸಿದರು, ಹೊಸ ಕೊಡೆಯನ್ನೂ ಕೊಟ್ಟರು. ವಕೀಲರು ಎದ್ದು, ಇನ್ನು ನಿನ್ನ ಕೆಲಸಕ್ಕೇನೂ ಭಯವಿಲ್ಲ, ಈಗಲಾದರೂ ತೀರ್ಪು ಕೊಡು, ಮೂವರಲ್ಲಿ ದೊಡ್ಡವನು ಯಾರು ಎಂದರು. ಕೆಲಸಕ್ಕೆ ಭಯವಿಲ್ಲ ಎಂಬ ಆ ಮಾತು ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಇನ್ನು ಯಾವ ನೆಪವಿತ್ತು ನನಗೆ?

ದೂಮಣ್ಣ ಎಂದೆ. ಗಿರೀಶನ ವಯಸ್ಸಿನವರಿಗೆ ಅದು ಯಾರೆಂದೇ ಗೊತ್ತಿರಲಿಲ್ಲ, ಅವರು ನಕ್ಕರು. ನಾನು ನಗದವರ ಕಡೆ ತಿರುಗಿ ಎಲ್ಲವನ್ನೂ ಹೇಳಿದೆ. ಚೆಂಡು ಒಳಗಿತ್ತು, ನಾನು ನೋಡಿದ್ದೆ, ನೋಡಿಯೂ ಔಟ್ ಎಂದೆ, ಕಾಲಿನಿಂದ ಉಜ್ಜಿದೆ. ಹೇಳುತ್ತ ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಾಗೇಶ ಗೌಡರು ಕೋಲೂರಿಕೊಂಡು ಎದ್ದು ನನ್ನ ಹತ್ತಿರ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಸಂಜೀವ, ನನ್ ಕಣ್ಣೆದುರಿಗೇ ಬಿದ್ದ ಚೆಂಡು ಮಾರಾಯ ಅದು. ನಾನು ನೋಡ್ಲಿಲ್ಲ ಅಂದ್ಕಂಡಿದ್ಯಾ?" ಎಂದರು. ಕೋಲಿನಿಂದ ಕೋರ್ಟಿನ ಕಡೆ ತೋರಿಸಿ, "ನಮ್ಮನೆ ಅಂಗಳದಲ್ಲೂ ಕೇಳ್ತದೆ," ಎಂದರು.

ಅವರು ನನ್ನ ತೋಳು ಹಿಡಿದುಕೊಂಡರು. ಇಬ್ಬರೂ ಮೆಟ್ಟಿಲಿಳಿದು ಕೋರ್ಟಿಗೆ ಹೋದೆವು. ಎಷ್ಟೋ ವರ್ಷದ ಮೇಲೆ ಗೌಡರು ಅಲ್ಲಿ ಕಾಲಿಟ್ಟದ್ದು. ನಾನು ಎತ್ತರದ ಕುರ್ಚಿ ಹತ್ತಿ, ಸಂಜೆಯ ಬೆಳಕಿನಲ್ಲಿ ಖಾಲಿ ಕೋರ್ಟಿಗೆ ಮುಖ ಮಾಡಿ ಗಟ್ಟಿಯಾಗಿ ಹೇಳಿದೆ: "ಚೆಂಡು ಒಳಗೆ. ಡ್ಯೂಸ್." ಮೂವತ್ತಮೂರು ವರ್ಷ ತಡವಾಗಿ. ಯಾವ ಶಬ್ದವೂ ಬರಲಿಲ್ಲ. ಆದರೆ ಆ ಕಾದು ನಿಂತ ಮೌನ ಸಡಿಲಿತು. ಗೌಡರಿಗೂ ಅದು ತಿಳಿಯಿತು, ಉಸಿರು ಬಿಟ್ಟರು. ಮರುದಿನ ಗಿರೀಶ ಕೋರ್ಟಿಗೆ ಟಾರ್ಪಾಲು ಹೊದಿಸಿದ. ಕುರ್ಚಿಯನ್ನು ನಾನೇ ಶೆಡ್ಡಿಗೆ ಸಾಗಿಸಿ ಬೀಗ ಹಾಕಿ ಕೀಲಿ ಅವನ ಕೈಗೆ ಕೊಟ್ಟೆ. ಗೌಡರು ಶ್ರಾವಣದಲ್ಲಿ ಹೋದರು, ನಿದ್ದೆಯಲ್ಲೇ. ಈ ಸಲ ನಾನು ಹೆಣ ನೋಡಲು ಹೋದೆ.

ಇಲ್ಲಿಗೆ ಬರೆಯುವುದು ಮುಗಿಯಬೇಕಿತ್ತು. ನಿನ್ನೆ ಬೆಳಿಗ್ಗೆ ಗಿರೀಶ ಫೋನ್ ಮಾಡಿದ. ಟಾರ್ಪಾಲು ತೆಗೆದನಂತೆ. ನಾನು ಮೊದಲು ಕೇಳಿದ್ದು ಮೂಲೆಯ ಗುರುತಿನ ವಿಷಯ. ಅಲ್ಲಿ ಏನೂ ಇಲ್ಲ, ಬರೀ ಪಾಚಿ ಎಂದ. ನನಗೆ ಎದೆ ಹಗುರಾಯಿತು. ಅವನು ಮಾತ್ರ ಫೋನ್ ಇಡಲಿಲ್ಲ.

"ಅಣ್ಣಾ, ಆಚೆ ಕಡೆ ಗೆರೆ ಹಿಂದೆ ಎರಡು ಹೆಜ್ಜೆ ಮೂಡಿದಾವೆ. ಬರಿಗಾಲು. ಬಲಗಾಲಲ್ಲಿ ನಾಲ್ಕೇ ಬೆರಳು."

ಎಲ್ಲಿ, ನಡುಗೆರೆಗೆ ಬಲಕ್ಕೋ ಎಡಕ್ಕೋ ಎಂದು ಕೇಳಿದೆ. ಬಲಕ್ಕೆ ಎಂದ. ಡ್ಯೂಸ್ ಆದ ಮೇಲೆ ಸರ್ವಿಸು ಹೊಡೆಯುವವನು ನಿಲ್ಲುವುದು ಅಲ್ಲೇ. ಎದುರು ಕಡೆ ನೋಡು ಎಂದೆ. ಅವನು ನಡೆದು ಹೋಗುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಅಲ್ಲಿಯೂ ಹೆಜ್ಜೆಗಳಿದ್ದವು, ಶೂಗಳದು, ಗೌಡರು ಆಗ ಹಾಕುತ್ತಿದ್ದಂಥ ಹಳೆಯ ಕಾಲದ ಕ್ಯಾನ್ವಾಸ್ ಶೂಗಳ ಅಚ್ಚು, ಚೆಂಡಿಗೆ ಕಾದು ಮುಂದೆ ಬಾಗಿ ನಿಂತವರದು. ಆಮೇಲೆ ಅವನು ಸ್ವಲ್ಪ ಹೆದರಿದ ಧ್ವನಿಯಲ್ಲಿ, ಶೆಡ್ಡಿನ ಬೀಗ ಹಾಕಿದ್ದು ಹಾಕಿದ ಹಾಗೇ ಇದೆ, ಕುರ್ಚಿ ಮಾತ್ರ ನೆಟ್ಟಿನ ಪಕ್ಕ ಬಂದು ನಿಂತಿದೆ, ನೀವು ಯಾರಿಗಾದರೂ ಹೇಳಿ ತರಿಸಿದ್ದಿರಾ ಎಂದು ಕೇಳಿದ. ಕುರ್ಚಿಯ ಸೀಟನ್ನು ಯಾರೋ ಒರೆಸಿ ಒಣಗಿಸಿದ್ದಾರಂತೆ.

ಗಿರೀಶ, ನಿನಗೆ ಬರೆದುಕೊಡಬೇಕಾದದ್ದು ಇಷ್ಟೇ ಉಳಿದಿದೆ. ಮಣ್ಣು, ಸಗಣಿ, ತಂತಿ, ಟಾರ್ಪಾಲು, ಇವನ್ನೆಲ್ಲ ಯಾರಿಂದ ಬೇಕಾದರೂ ಕಲಿತುಕೊ. ಸೋಲಬೇಕು ಅನ್ನಿಸಿದರೆ ಸೋಲು, ಅದು ನಿನ್ನ ಇಷ್ಟ. ಕುರ್ಚಿಯಲ್ಲಿ ಕೂತಾಗ ಮಾತ್ರ ಕಂಡದ್ದನ್ನು ಹೇಳು. ಈ ಕಾಗದ ಇವತ್ತಿನ ಸಂಜೆ ಬಸ್ಸಿಗೆ ನಿನಗೆ ಸಿಗುತ್ತದೆ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ನಾನೇ ಬರುತ್ತಿದ್ದೇನೆ. ಮಂಜು ಕರಗುವವರೆಗೆ ಯಾರನ್ನೂ ಕೋರ್ಟಿನ ಕಡೆ ಬಿಡಬೇಡ, ಆ ಹೆಜ್ಜೆಗಳನ್ನು ಅಳಿಸಬೇಡ. ವಕೀಲರಿಗೂ ಡಾಕ್ಟರಿಗೂ ಹೇಳು, ಅವರ ಜಗಳ ಅವರದು, ನಮ್ಮ ಕೋರ್ಟಿನದು ನಾಳೆ ಇತ್ಯರ್ಥವಾಗುತ್ತದೆ ಎಂದು. ಐದು-ಆರು, ಡ್ಯೂಸ್, ದೂಮಣ್ಣನ ಸರ್ವಿಸು. ಆಡುವವರಿಬ್ಬರೂ ಬಂದಾಗಿದೆ, ಕುರ್ಚಿಯಲ್ಲಿ ಕೂರುವವನೊಬ್ಬ ಬರಬೇಕು.